ಜೀವಕೋಶದಲ್ಲಿ ಸ್ಥಾನಬಲ

ಮಲೆನಾಡಿನ ಕಡೆಯಿಂದ ಒಬ್ಬ ಗೃಹಿಣಿಯರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಅಕ್ಕನವರಿಗೆ ಅಂಡಾಶಯದಲ್ಲಿ ಗೆಡ್ಡೆಯೆದ್ದು ಶಸ್ತ್ರಚಿಕಿತ್ಸೆಯಾಯಿತಂತೆ. ತೆಗೆದ ಗೆಡ್ಡೆಯನ್ನು ಪರೀಕ್ಷಿಸಿ ಕೊಟ್ಟ ವರದಿಯನ್ನು ಭಾವನವರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೂ, ಯಾವುದೋ ಸಮಯದಲ್ಲಿ ಅದು ಇವರ ಕಣ್ಣಿಗೆ ಬಿತ್ತು. ರೋಗದ ಹೆಸರು ಇವರಿಗೆ ಮೊದಲೇ ಗೊತ್ತಿದ್ದಿತು. ಅದರ ಕೆಳಗೆ, ಪಿ-೫೩ ಎಂಬ ವಸ್ತುವು 'ಕೋಶದ್ರವ್ಯದಲ್ಲಿ' ಕಂಡುಬಂದಿದೆಯೆಂದು ಇಂಗ್ಲೀಷಿನಲ್ಲಿ ಒಂದು ಸಾಲು ಇದ್ದಿತು. "ಇದ್ದರೆ ಇದೆ ಎನ್ನಬೇಕು, ಇಲ್ಲದಿದ್ದರೆ ಇಲ್ಲ ಎನ್ನಬೇಕು. ಇಂಥ ಕಡೆ ಇದೆ ಎಂದು ಏಕೆ ಬರೆದರು? ಬೇರೆ ಕಡೆ ಇರಬೇಕಾಗಿತ್ತೆ? ಇದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ? ಡಾಕ್ಟರನ್ನು ಕೇಳೋಣವೆಂದರೆ ಭಾವನವರು ಬೇಡವೆನ್ನುತ್ತಾರೆ, ಅಕ್ಕನಿಗೆ ತಿಳಿದರೆ ಎದೆಗೆಟ್ಟು ಹೋಗುತ್ತಾಳೆ ಎಂದು ಅವರ ಹೆದರಿಕೆ" ಎಂದು ಬರೆದಿದ್ದಾರೆ.

ನಾವು ವೈದ್ಯರಲ್ಲ. ಆದರೆ ಈ ತಾಯಿಯವರ ಪ್ರಶ್ನೆಯಲ್ಲಿರುವ 'ಎಲ್ಲಿ' ಎಂಬ ಶಬ್ದವು ನಮ್ಮ ಹಳೆಯ ಕಸುಬಿಗೆ ಸೇರಿದ್ದು. ವ್ಯಾಕರಣದಲ್ಲಿ ಕಾರಕಗಳು ಆರು. ಅವುಗಳಲ್ಲಿ ಅಧಿಕರಣವೇ ಕಡೆಯದು. ಮಾಡಿದವನು ಯಾರು, ಮಾಡಿದ್ದೇನು, ಯಾವುದರಿಂದ ಎಂಬಿಷ್ಟು ತಿಳಿದಮೇಲೆ, ಎಲ್ಲಿ ಎಂಬುದರ ಮೇಲೆ ಹುಡುಗರಿಗೆ ಅಷ್ಟು ಲಕ್ಷ್ಯವಿರುತ್ತಿರಲಿಲ್ಲ. ಅರ್ಬುದರೋಗದ ವಿಜ್ಞಾನದಲ್ಲಿಯೂ ಬಹುಕಾಲ ಹೀಗೆಯೇ ನಡೆಯಿತು. ಗೆಡ್ಡೆಯಲ್ಲಿ ಯಾವ ಪ್ರೋಟೀನು ಇದೆ, ಎಷ್ಟು ಇದೆ ಎಂದು ಅಳೆದರು. ಜೀವಕೋಶದ ಯಾವ ಭಾಗದಲ್ಲಿದೆ ಎಂಬುದಕ್ಕೆ ಬೆಲೆ ಬಂದದ್ದು ತಡವಾಗಿ. ಅಲ್ಲಿಯೂ ಸಪ್ತಮೀ ವಿಭಕ್ತಿಗೆ ಈಗ ಮರ್ಯಾದೆ ದೊರೆತಿರುವುದನ್ನು ಕಂಡು ನಮಗೆ ಸಂತೋಷವೇ ಆಗಿದೆ.

ಮೊದಲು ರೋಗದ ವಿಷಯ. ಅಂಡಾಶಯವೆಂಬುದು ಗರ್ಭಕೋಶದ ಎರಡು ಪಕ್ಕಗಳಲ್ಲಿಯೂ ಒಂದೊಂದಾಗಿರುವ, ಹೆಚ್ಚುಕಡಮೆ ಬಾದಾಮಿಯಷ್ಟು ಗಾತ್ರದ ಅಂಗ. ೨೦೨೨ನೆಯ ವರ್ಷದ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು ೩ ಲಕ್ಷ ೨೪ ಸಾವಿರ ಸ್ತ್ರೀಯರಿಗೆ ಈ ಅಂಗದ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು. ೨ ಲಕ್ಷ ೬ ಸಾವಿರಕ್ಕೂ ಹೆಚ್ಚು ಮಂದಿ ಅದರಿಂದ ತೀರಿಕೊಂಡರು. ನಮ್ಮ ದೇಶದಲ್ಲಿಯೇ ಹೊಸ ರೋಗಿಗಳು ಸುಮಾರು ೪೭ ಸಾವಿರ. ಇದರ ದೊಡ್ಡ ಕೇಡೆಂದರೆ ಸದ್ದಿಲ್ಲದೆ ಬರುವುದು. ಹೊಟ್ಟೆ ಉಬ್ಬರ, ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಮೇಲಿಂದಮೇಲೆ ಮೂತ್ರಕ್ಕೆ ಅವಸರವಾಗುವುದು: ಇಷ್ಟೇ ಲಕ್ಷಣಗಳು. ಇವು ಯಾವ ಹೆಂಗಸಿಗೆ ಬಾರದವು? ವಾಯುವೆಂದು ಜೀರಿಗೆ ಕಷಾಯವಾಗುವುದು, ಮುಟ್ಟು ನಿಲ್ಲುವ ವಯಸ್ಸೆಂದು ಸಮಾಧಾನವಾಗುವುದು, ಮನೆಗೆಲಸದಲ್ಲಿ ತಿಂಗಳುಗಳು ಕಳೆದುಹೋಗುವುವು. ಐವತ್ತು ದಾಟಿದವರಿಗೆ ಇಂಥ ತೊಂದರೆ ಹೊಸದಾಗಿ ತೋರಿ, ತಿಂಗಳಲ್ಲಿ ಹನ್ನೆರಡು ದಿನಕ್ಕಿಂತ ಹೆಚ್ಚಾಗಿ ಕಾಡಿದರೆ ಡಾಕ್ಟರಿಗೆ ತೋರಿಸತಕ್ಕದ್ದು ಎಂಬುದನ್ನು ಮನೆಯ ಗಂಡಸರೂ ತಿಳಿದಿರಬೇಕು.

ರೋಗವು ಅಂಡಾಶಯದಲ್ಲಿಯೇ ಇರುವಾಗ ಗೊತ್ತಾದರೆ, ಅಮೆರಿಕಾದೇಶದ ಲೆಕ್ಕದಂತೆ, ನೂರರಲ್ಲಿ ೯೦ಕ್ಕೂ ಹೆಚ್ಚು ಮಂದಿ ಐದು ವರ್ಷಗಳನ್ನು ದಾಟುವರು; ದೂರದ ಅಂಗಗಳಿಗೆ ಹರಡಿದಮೇಲಾದರೆ ಸುಮಾರು ೩೦ ಮಂದಿ. ಹಾಗಾದರೆ ಎಲ್ಲರನ್ನೂ ಮೊದಲೇ ಪರೀಕ್ಷಿಸಬಾರದೇಕೆ ಎಂದರೆ, ಇಂಗ್ಲೆಂಡು ಮೊದಲಾದ ಬ್ರಿಟಿಷ್ ನಾಡುಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸ್ತ್ರೀಯರನ್ನು ಸೇರಿಸಿಕೊಂಡು ಅದನ್ನೂ ಮಾಡಿ ನೋಡಿದರು. ರಕ್ತದಲ್ಲಿ ಸಿಎ-೧೨೫ ಎಂಬ ಪದಾರ್ಥವನ್ನು ವರ್ಷವರ್ಷವೂ ಅಳೆದರು. ಕೆಲವರಿಗೆ ಸ್ಕ್ಯಾನು ಮಾಡಿದರು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಈ ಪರೀಕ್ಷೆಗಳಿಂದ ಮರಣಗಳು ಕಡಮೆಯಾಗಲಿಲ್ಲವೆಂದು ತಿಳಿದುಬಂದಿತು. ಆದುದರಿಂದ ಬಹುಪಾಲು ರೋಗಿಗಳು ಈಗಲೂ ತಡವಾಗಿಯೇ ವೈದ್ಯರ ಮುಂದೆ ಬರುವರು.

ಹಾಗೆ ಬಂದವರಲ್ಲಿಯೂ ಒಂದು ವಿಚಿತ್ರವುಂಟು. ಒಂದೇ ವಯಸ್ಸು, ಒಂದೇ ಘಟ್ಟದ ರೋಗ, ಒಂದೇ ಬಗೆಯ ಶಸ್ತ್ರಚಿಕಿತ್ಸೆ, ಅದೇ ಔಷಧ; ಒಬ್ಬರಿಗೆ ವರ್ಷದೊಳಗೆ ರೋಗ ಮರುಕಳಿಸುವುದು, ಇನ್ನೊಬ್ಬರು ಹತ್ತು ವರ್ಷ ಚೆನ್ನಾಗಿ ಬಾಳುವರು. ಈ ಭೇದವು ಗೆಡ್ಡೆಯ ಕೋಶಗಳಲ್ಲಿಯೇ ಎಲ್ಲಿಯೋ ಅಡಗಿರಬೇಕೆಂದು ಹುಡುಕುವುದು ಸಹಜ. ನಮ್ಮ ಚರಕಸಂಹಿತೆಯಲ್ಲಿಯೂ ವೈದ್ಯನು ಮೊದಲು ಸಾಧ್ಯಾಸಾಧ್ಯವನ್ನು ವಿಚಾರಿಸಬೇಕೆಂದು ಹೇಳಿದೆ. ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ನಾಲ್ಕು ಬಗೆ. ಇವುಗಳಲ್ಲಿ ಯಾಪ್ಯವೆಂಬ ಮೂರನೆಯದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಬೇರುಸಹಿತ ಹೋಗದಿದ್ದರೂ, ಚಿಕಿತ್ಸೆ ನಡೆಯುತ್ತಿರುವವರೆಗೆ ಮನುಷ್ಯನನ್ನು ಬದುಕಿಸಿಕೊಂಡಿರುವ ರೋಗವೆಂದು ಅದರ ಅರ್ಥ. ಜನರು ಸಾಧ್ಯ, ಅಸಾಧ್ಯ ಎಂಬೆರಡನ್ನೇ ಬಲ್ಲರು. ನಡುವಿನ ಎರಡನ್ನು ಮರೆತಿರುವರು.

ಇನ್ನು ಜೀವಕೋಶದೊಳಕ್ಕೆ ಹೋಗೋಣ. ಅದನ್ನು ಒಂದು ತೊಟ್ಟಿಮನೆಯೆಂದು ಭಾವಿಸಬಹುದು. ಹೊರಗೋಡೆಯೇ ಕೋಶಪೊರೆ. ಒಳಗೆ ಕೆಲಸಕಾರ್ಯಗಳು ನಡೆಯುವ ಹಜಾರ ಮತ್ತು ನಡುಮನೆ; ಅದು ಕೋಶದ್ರವ್ಯ. ಮಧ್ಯದಲ್ಲಿ ಮನೆತನದ ದಸ್ತಾವೇಜುಗಳನ್ನಿಟ್ಟಿರುವ ಒಳಕೋಣೆ, ಅದು ಕೋಶಕೇಂದ್ರ. ದಸ್ತಾವೇಜುಗಳೆಂದರೆ ಡಿಎನ್‌ಎ. ಈ ಒಳಕೋಣೆಗೆ ಬಾಗಿಲು ಒಂದಲ್ಲ, ಸುಮಾರು ಎರಡು ಸಾವಿರ! ಪ್ರೋಟೀನುಗಳೆಂಬ ಆಳುಕಾಳುಗಳೆಲ್ಲ ತಯಾರಾಗುವುದು ನಡುಮನೆಯಲ್ಲಿ. ಚಿಕ್ಕವು ಬಾಗಿಲುಗಳಲ್ಲಿ ನುಸುಳಿ ಹೋಗಬಲ್ಲವು; ದೊಡ್ಡವನ್ನು ರಹದಾರಿಯಿಲ್ಲದೆ ಒಳಕ್ಕೆ ಬಿಡುವುದಿಲ್ಲ. ಆ ರಹದಾರಿಯು ಪ್ರೋಟೀನಿನ ಮೈಮೇಲೆಯೇ ಬರೆದಿರುವುದು. ೧೯೮೪ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕೋತಿಗಳ ಒಂದು ವೈರಸ್ಸಿನ ಪ್ರೋಟೀನನ್ನು ಪರೀಕ್ಷಿಸಿ, ಅದರ ರಹದಾರಿಯು ಏಳೇ ಏಳು ಅಮೈನೋ ಆಮ್ಲಗಳ ಒಂದು ಸಣ್ಣ ಸಾಲೆಂದು ತೋರಿಸಿದರು. ಆ ಸಾಲಿನಲ್ಲಿ ತಕ್ಕ ಒಂದೇ ಒಂದು ಅಕ್ಷರ ಬದಲಾದರೆ ಸಾಕು, ಪ್ರೋಟೀನು ಹೊರಗೆ ನಿಲ್ಲುವುದು. ಒಂದು ಅಕ್ಷರ ತಪ್ಪಿದರೆ ಪದದ ಅರ್ಥವೇ ಕೆಡುವುದೆಂದು ಹುಡುಗರಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡವರಿಗೆ ಇದು ಆಶ್ಚರ್ಯವಲ್ಲ.

ಪ್ರೋಟೀನುಗಳು ತಮ್ಮ ವಿಳಾಸವನ್ನು ತಾವೇ ಹೊತ್ತುಕೊಂಡಿರುವುವು ಎಂಬ ತತ್ತ್ವವನ್ನು ಸ್ಥಾಪಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಗುಂಟರ್ ಬ್ಲೋಬೆಲ್. ಅವರಿಗೆ ೧೯೯೯ರಲ್ಲಿ ನೊಬೆಲ್ ಬಹುಮಾನ ಬಂದಿತು. ಜರ್ಮನಿಯ ಸಿಲೀಸಿಯಾ ಪ್ರಾಂತದಲ್ಲಿ ೧೯೩೬ರಲ್ಲಿ ಹುಟ್ಟಿದ ಇವರು, ೧೯೪೫ರ ಯುದ್ಧದಲ್ಲಿ ಮನೆಮಠ ಬಿಟ್ಟು ಓಡುವಾಗ ಡ್ರೆಸ್ಡೆನ್ ನಗರವನ್ನು ಹುಡುಗನ ಕಣ್ಣಿನಿಂದ ನೋಡಿದರು. ಕೆಲವೇ ದಿನಗಳಲ್ಲಿ ಆ ನಗರವು ಬಾಂಬುಗಳಿಂದ ಸುಟ್ಟುಹೋಯಿತು. ಬಹುಮಾನದ ಹಣವನ್ನು ಅವರು ಆ ನಗರದ ದೊಡ್ಡ ಇಗರ್ಜಿಯನ್ನೂ ಯೆಹೂದ್ಯರ ಪ್ರಾರ್ಥನಾಮಂದಿರವನ್ನೂ ಮತ್ತೆ ಕಟ್ಟುವುದಕ್ಕೆ ಕೊಟ್ಟುಬಿಟ್ಟರು. ಸ್ಥಾನಭ್ರಷ್ಟತೆ ಎಂದರೇನೆಂದು ಬಲ್ಲ ಮನುಷ್ಯ.

ಈಗ ಸ್ಥಾನವನ್ನು ಕಣ್ಣಿನಿಂದ ಕಾಣುವುದು ಹೇಗೆ? ಗೆಡ್ಡೆಯ ಚೂರನ್ನು ಅರೆದು ರಸಮಾಡಿ ಅಳೆದರೆ ಪ್ರೋಟೀನಿನ ಮೊತ್ತವು ತಿಳಿಯುವುದು. ಆದರೆ ಅರೆಯುವಾಗಲೇ ಮನೆಯ ಗೋಡೆಗಳೆಲ್ಲ ಬಿದ್ದುಹೋಗುವುವು. ಶಾಲೆಯ ಹಾಜರಿಪುಸ್ತಕದಲ್ಲಿ ನಲವತ್ತು ಹುಡುಗರು ಹಾಜರು ಎಂದಿರಬಹುದು. ತರಗತಿಯಲ್ಲಿರುವರೋ, ಹಿಂದಿನ ಮಾವಿನತೋಪಿನಲ್ಲಿರುವರೋ, ಅದನ್ನು ಪುಸ್ತಕವು ಹೇಳಬಲ್ಲುದೆ? ಎದ್ದು ಹೋಗಿ ನೋಡಬೇಕು.

ಹಾಗೆ ನೋಡುವ ಉಪಾಯವನ್ನು ೧೯೪೧ರಲ್ಲಿ ಅಮೆರಿಕಾದ ಹಾರ್ವರ್ಡಿನಲ್ಲಿ ಆಲ್ಬರ್ಟ್ ಕೂನ್ಸ್ ಎಂಬುವರು ಮೊದಲುಮಾಡಿದರು. ರೋಗಾಣುಗಳೇ ಮೊದಲಾದ ಪರಕೀಯ ವಸ್ತುಗಳನ್ನು ಹಿಡಿಯುವುದಕ್ಕಾಗಿ ನಮ್ಮ ರಕ್ತದಲ್ಲಿ ಪ್ರತಿಕಾಯಗಳುಂಟಷ್ಟೆ. ಒಂದು ಪ್ರತಿಕಾಯವು ತನಗೆ ತಕ್ಕ ವಸ್ತುವನ್ನು ಮಾತ್ರ ಹಿಡಿಯುವುದು, ಬೀಗಕ್ಕೊಂದೇ ಬೀಗದಕೈ ಇದ್ದಂತೆ. ಆ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿದರೆ, ಅದು ಹೋಗಿ ಕೂತ ಜಾಗವೇ ಮಿನುಗುವುದೆಂದು ಕೂನ್ಸ್ ತೋರಿಸಿದರು. ೧೯೭೫ರಲ್ಲಿ ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಜಾತಿಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಕ್ರಮವನ್ನು ಕಂಡುಹಿಡಿದಮೇಲೆ ಈ ಕಲೆಯು ಎಲ್ಲ ಆಸ್ಪತ್ರೆಗಳಿಗೂ ಹರಡಿತು.

ಇಂದು ನಡೆಯುವ ಕ್ರಮ ಹೀಗೆ. ತೆಗೆದ ಗೆಡ್ಡೆಯ ತುಂಡುಗಳನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ ಸಣ್ಣ ಗಟ್ಟಿಗಳನ್ನಾಗಿ ಮಾಡುವರು. ಆ ಮೇಣದ ಗಟ್ಟಿಯಿಂದ ಒಂದು ಮಿಲಿಮೀಟರಿನ ಇನ್ನೂರು ಮುನ್ನೂರನೆಯ ಒಂದು ಪಾಲಿನಷ್ಟು ತೆಳ್ಳಗಿನ ಪದರವನ್ನು ಹೆರೆದು ಗಾಜಿನ ಪಟ್ಟಿಗೆ ಅಂಟಿಸುವರು. ಪ್ರತಿಕಾಯವನ್ನು ಹನಿಸಿ, ಅದು ಕೂತ ಕಡೆ ಕಂದುಬಣ್ಣ ಏರುವಂತೆ ಮಾಡುವರು. ಉಳಿದ ಭಾಗ ಗುರುತು ಸಿಕ್ಕಲೆಂದು ಹೆಮಟಾಕ್ಸಿಲಿನ್ ಎಂಬ ನೀಲಿಬಣ್ಣವನ್ನು ಕೊಡುವರು. ಇದು ಮಧ್ಯ ಅಮೆರಿಕಾದ ಒಂದು ಮರದ ಚೇಗಿನಿಂದ ತೆಗೆದ ಬಣ್ಣ, ಹಿಂದೆ ಬಟ್ಟೆಗೆ ಹಾಕುತ್ತಿದ್ದುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಕೇಂದ್ರಗಳು ನೀಲಿಯ ದುಂಡು ಬೊಟ್ಟುಗಳಂತೆ ಕಾಣುವುವು. ಕಂದುಬಣ್ಣವು ಆ ಬೊಟ್ಟಿನ ಮೇಲೆಯೇ ಬಿದ್ದಿದೆಯೋ, ಸುತ್ತಲೂ ಹರಡಿದೆಯೋ, ಅಂಚಿನ ಗೆರೆಯಾಗಿದೆಯೋ ಎಂಬುದನ್ನು ಪೆಥಾಲಜಿಸ್ಟರು ನೋಡಿ ಬರೆಯುವರು. ವರದಿಯ ಆ ಒಂದು ಸಾಲು ಹುಟ್ಟುವುದು ಹೀಗೆ.

ಸ್ಥಾನದಿಂದ ಗುಣವೇ ಬದಲಾಗುವುದಕ್ಕೆ ಪಿ-೨೭ ಎಂಬ ಪ್ರೋಟೀನಿಗಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಂಡಿಲ್ಲ. ೧೯೯೪ರಲ್ಲಿ ಇದನ್ನು ಗುರುತಿಸಿದರು. ಕೋಶಕೇಂದ್ರದೊಳಗೆ ನಿಂತು, ಕೋಶವು ಹೊತ್ತಿಲ್ಲದ ಹೊತ್ತಿನಲ್ಲಿ ಎರಡಾಗಿ ಒಡೆಯದಂತೆ ತಡೆಯುವುದು ಇದರ ಕೆಲಸ. ಇಳಿಜಾರಿನಲ್ಲಿ ನಿಂತ ಗಾಡಿಯ ಗಾಲಿಗೆ ಕೊಟ್ಟ ಕಲ್ಲಿನಂತೆ. ಕ್ಯಾನ್ಸರೆಂದರೆ ಕೋಶಗಳು ತಡೆಯಿಲ್ಲದೆ ಒಡೆಯುವ ರೋಗ. ಆದುದರಿಂದ ಅಲ್ಲಿ ಪಿ-೨೭ ಕಡಮೆಯಾಗಿರಬೇಕೆಂದು ಊಹಿಸಿದರು. ಅನೇಕ ಗೆಡ್ಡೆಗಳಲ್ಲಿ ಹಾಗೆಯೇ ಇದ್ದಿತು. ಆದರೆ ಕೆಲವು ಗೆಡ್ಡೆಗಳಲ್ಲಿ ಅದು ಧಾರಾಳವಾಗಿದ್ದರೂ ರೋಗವು ಉಗ್ರವಾಗಿ ನಡೆಯುತ್ತಿತ್ತು. ಕಲ್ಲು ಇದೆ, ಗಾಡಿಯು ಮಾತ್ರ ನಿಂತಿಲ್ಲ!

ಇದರ ಗುಟ್ಟು ೨೦೦೨ರಲ್ಲಿ ಹೊರಬಿದ್ದಿತು. ಆ ವರ್ಷ ಸ್ತನದ ಕ್ಯಾನ್ಸರನ್ನು ಕುರಿತು ಮೂರು ಬೇರೆ ಬೇರೆ ತಂಡದವರು ಒಟ್ಟಿಗೇ ಪ್ರಕಟಿಸಿದ ಸಂಗತಿಯಿದು. ಅನೇಕ ಗೆಡ್ಡೆಗಳಲ್ಲಿ ಆಕ್ಟ್ ಎಂಬ ಒಂದು ಕಿಣ್ವವು ಮಿತಿಮೀರಿ ಕೆಲಸಮಾಡುತ್ತಿರುವುದು. ಅದು ಪಿ-೨೭ರ ಸಾಲಿನಲ್ಲಿ ೧೫೭ನೆಯ ಸ್ಥಾನಕ್ಕೆ ಒಂದು ಫಾಸ್ಫೇಟನ್ನು ಅಂಟಿಸುವುದು. ಆ ಸ್ಥಾನವಿರುವುದು ಸರಿಯಾಗಿ ರಹದಾರಿಯ ಸಾಲಿನಲ್ಲಿಯೇ. ರಹದಾರಿಯ ಮೇಲೆ ಮಸಿ ಚೆಲ್ಲಿದಂತಾಗಿ ಪಿ-೨೭ ಒಳಕೋಣೆಗೆ ಹೋಗಲಾರದೆ ನಡುಮನೆಯಲ್ಲಿಯೇ ಉಳಿಯುವುದು. ಸುಮ್ಮನೆ ಉಳಿದಿದ್ದರೂ ಆಗುತ್ತಿತ್ತು. ಹೊರಗುಳಿದ ಪಿ-೨೭ ಕೋಶವನ್ನು ಒಂದೆಡೆ ಹಿಡಿದು ನಿಲ್ಲಿಸುವ ಇನ್ನೊಂದು ಪ್ರೋಟೀನಿನ ಕೆಲಸವನ್ನು ಕೆಡಿಸಿ, ಕೋಶವು ಹರಿದಾಡುವುದಕ್ಕೆ ನೆರವಾಗುವುದೆಂದು ೨೦೦೪ರಲ್ಲಿ ತಿಳಿದುಬಂದಿತು. ಕೆಲಸ ತಪ್ಪಿದ ಕಾವಲುಗಾರನು ಕಳ್ಳರಿಗೆ ದಾರಿ ತೋರಿಸಿದಂತಾಯಿತು. ಮರುವರ್ಷ, ೨೦೦೫ರಲ್ಲಿ, ಅಮೆರಿಕಾದ ಹ್ಯೂಸ್ಟನ್ ನಗರದ ವೈದ್ಯರು ಅಂಡಾಶಯದ ಗೆಡ್ಡೆಗಳನ್ನು ಪರೀಕ್ಷಿಸಿ, ಪಿ-೨೭ ಕೋಶದ್ರವ್ಯದಲ್ಲಿ ಕಂಡುಬಂದ ರೋಗಿಗಳ ಆಯುಸ್ಸು ಒಟ್ಟಿನ ಮೇಲೆ ಕಡಮೆಯಾಗಿರುವುದೆಂದು ವರದಿಮಾಡಿದರು.

ಹೆಲ್ಸಿಂಕಿಯ ಸಂಶೋಧಕರು ೨೦೦೩ರಲ್ಲಿಯೇ ಎಚ್‌ಯು‌ಆರ್ ಎಂಬ ಬೇರೊಂದು ಪ್ರೋಟೀನಿನ ವಿಷಯದಲ್ಲಿ ಇಂಥದೇ ಸಂಗತಿಯನ್ನು ಕಂಡಿದ್ದರು: ಅದು ಒಳಗಿದ್ದರೆ ವಿಶೇಷವಿಲ್ಲ, ಕೋಶದ್ರವ್ಯಕ್ಕೆ ಬಂದಿದ್ದರೆ ರೋಗದ ಗತಿ ಕೆಟ್ಟದ್ದು. ಹಾಗೆಂದು 'ಒಳಗೆ ಶುಭ, ಹೊರಗೆ ಅಶುಭ' ಎಂದು ಸೂತ್ರ ಕಟ್ಟಿಬಿಡಬಾರದು. ಬೀಟಾ-ಕೆಟೆನಿನ್ ಎಂಬುದು ಕೋಶಪೊರೆಯ ಹತ್ತಿರವಿದ್ದು ನೆರೆಯ ಕೋಶಗಳನ್ನು ಬೆಸೆದಿಡುವ ಪ್ರೋಟೀನು. ಅದು ಕೋಶಕೇಂದ್ರಕ್ಕೆ ಹೋದರೆ ಬೆಳವಣಿಗೆಗೆ ಅಪ್ಪಣೆ ಕೊಡುವುದು. ಆದುದರಿಂದ ಅಲ್ಲಿ ಕಂಡರೆ ಕೇಡೆನ್ನಬೇಕು. ಆದರೆ ೧೯೯೯ರಲ್ಲಿ ಸ್ಪೇನ್ ದೇಶದವರು ಅಂಡಾಶಯದ ಮೊದಲ ಘಟ್ಟಗಳ ಕ್ಯಾನ್ಸರುಗಳನ್ನು ನೋಡಿದಾಗ, ಎಂಡೊಮೆಟ್ರಿಯಾಯ್ಡ್ ಎಂಬ ಜಾತಿಯ ಗೆಡ್ಡೆಗಳಲ್ಲಿ ಅದು ಕೋಶಕೇಂದ್ರದಲ್ಲಿದ್ದ ರೋಗಿಗಳೇ ಚೆನ್ನಾಗಿ ಬದುಕಿದ್ದರು. ಜಾತಕದಲ್ಲಿಯೂ ಸ್ಥಾನಬಲವನ್ನು ಹೇಳುವರು. ಒಂದೇ ಗ್ರಹಕ್ಕೆ ಮನೆ ಬದಲಾದರೆ ಫಲ ಬದಲು. ಜ್ಯೋತಿಷ್ಯದಲ್ಲಿ ನಮಗೆ ನಂಬಿಕೆ ಅಷ್ಟಕ್ಕಷ್ಟೆ. ಕೋಶದಲ್ಲಾದರೋ ಪ್ರತಿಯೊಂದು ಫಲವನ್ನೂ ರೋಗಿಗಳನ್ನು ವರ್ಷಾನುಗಟ್ಟಲೆ ನೋಡಿಯೇ ಹೇಳಬೇಕಲ್ಲದೆ ಊಹಿಸಿ ಹೇಳುವಂತಿಲ್ಲ.

ಈಗ ಕಾಗದ ಬರೆದ ತಾಯಿಯವರ ಪಿ-೫೩. ಇದು ೧೯೭೯ರಲ್ಲಿ ಗೊತ್ತಾದದ್ದು. ಮೊದಮೊದಲು ಇದೇ ಕ್ಯಾನ್ಸರನ್ನು ಬೆಳೆಸುವುದೆಂದು ದೂಷಿಸಿದರು. ಅದನ್ನು ತಡೆಯುವ ಪ್ರೋಟೀನೆಂದು ನಿರ್ಧಾರವಾದದ್ದು ೧೯೮೯ರಲ್ಲಿ, ಹತ್ತು ವರ್ಷಗಳ ಮೇಲೆ. ಡಿಎನ್‌ಎ ದಸ್ತಾವೇಜು ಹರಿದಾಗ, ರಿಪೇರಿಯಾಗುವವರೆಗೆ ಕೋಶವನ್ನು ಇದು ನಿಲ್ಲಿಸುವುದು. ರಿಪೇರಿಯಾಗದಿದ್ದರೆ ಕೋಶವು ತಾನೇ ಸಾಯುವಂತೆ ಮಾಡುವುದು. ಅಂಡಾಶಯದ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಸುಮಾರು ಏಳು ಒಂದೇ ಜಾತಿಯವು. ಉಗ್ರ ದರ್ಜೆಯ ಸೀರಸ್ ಎಂದು ಅದರ ಹೆಸರು. ಹೆಸರಿಗೆ ಅಂಡಾಶಯದ್ದಾದರೂ ಇದು ಅನೇಕ ವೇಳೆ ಹುಟ್ಟುವುದು ಪಕ್ಕದ ಅಂಡನಾಳದ ತುದಿಯಲ್ಲಿ. ೨೦೧೧ರಲ್ಲಿ ಅಮೆರಿಕಾದಲ್ಲಿ ಈ ಜಾತಿಯ ಮುನ್ನೂರಕ್ಕೂ ಹೆಚ್ಚು ಗೆಡ್ಡೆಗಳ ಜೀನುಗಳನ್ನು ಓದಿದಾಗ ನೂರಕ್ಕೆ ೯೬ರಲ್ಲಿ ಪಿ-೫೩ರ ಜೀನು ಕೆಟ್ಟಿರುವುದು ಕಂಡಿತು.

ಕೆಟ್ಟ ಜೀನು ಬಣ್ಣದ ಪರೀಕ್ಷೆಯಲ್ಲಿ ಮೂರು ವೇಷಗಳಲ್ಲಿ ತೋರುವುದು. ಸರಿಯಾದ ಪಿ-೫೩ ಕೆಲವು ಕೋಶಕೇಂದ್ರಗಳಲ್ಲಿ ಗಾಢವಾಗಿ, ಕೆಲವಲ್ಲಿ ತೆಳ್ಳಗೆ, ಚದರಿದಂತೆ ಕಾಣುವುದು. ಕೆಟ್ಟದ್ದಾದರೆ ಹೆಚ್ಚಾಗಿ ಎಲ್ಲ ಕೋಶಕೇಂದ್ರಗಳಲ್ಲಿಯೂ ಕಿಕ್ಕಿರಿದು ತುಂಬಿರುವುದು. ಕೆಲವು ವೇಳೆ ಒಂದಿಷ್ಟೂ ಕಾಣದೆ ಶೂನ್ಯವಾಗಿರುವುದು. ಅಪರೂಪವಾಗಿ, ರಹದಾರಿಯ ಭಾಗವೇ ಹಾಳಾಗಿರುವುದರಿಂದ, ಒಳಗೆ ಹೋಗಲಾರದೆ ಕೋಶದ್ರವ್ಯದಲ್ಲಿ ಹರಡಿರುವುದು. ವರದಿಯ ಸಾಲು ಈ ಮೂರನೆಯದನ್ನು ಹೇಳುವುದು. ಮೂರು ವೇಷಗಳಿಗೂ ಅರ್ಥ ಒಂದೇ: ಜೀನು ಕೆಟ್ಟಿದೆ. ಪೆಥಾಲಜಿಸ್ಟರು ಅದನ್ನು ಬರೆದದ್ದು ಗೆಡ್ಡೆಯ ಜಾತಿಯನ್ನು ನಿಶ್ಚಯಿಸುವುದಕ್ಕಾಗಿ. ನಿಮ್ಮ ಅಕ್ಕನವರ ಆಯುಸ್ಸನ್ನು ಎಣಿಸುವುದಕ್ಕಲ್ಲ. ಆ ಸಾಲಿನಲ್ಲಿ ಹೊಸದೊಂದು ಕೇಡನ್ನು ಓದಿಕೊಂಡು ನಿದ್ದೆಗೆಡಬೇಕಾದುದಿಲ್ಲ. ರೋಗವು ಎಷ್ಟು ಹರಡಿದ್ದಿತು, ಶಸ್ತ್ರವೈದ್ಯರು ಕಣ್ಣಿಗೆ ಕಾಣುವುದನ್ನೆಲ್ಲ ತೆಗೆಯಲು ಸಾಧ್ಯವಾಯಿತೆ, ಔಷಧಕ್ಕೆ ರೋಗವು ಬಗ್ಗುತ್ತಿದೆಯೆ ಎಂಬುವು ಅದಕ್ಕಿಂತ ದೊಡ್ಡ ಪ್ರಶ್ನೆಗಳು.

ಪಿ-೨೭ ಇಷ್ಟು ಹೇಳುವುದಾದರೆ ಎಲ್ಲ ವರದಿಗಳಲ್ಲಿಯೂ ಅದನ್ನು ಏಕೆ ಬರೆಯುವುದಿಲ್ಲ ಎಂದು ವಾಚಕರು ಕೇಳಬಹುದು. ಇಂಥ ಸಂಶೋಧನೆಗಳು ಬಹುಮಟ್ಟಿಗೆ ಹಳೆಯ ಮೇಣದ ಗಟ್ಟಿಗಳ ಮೇಲೆ ನಡೆದಂಥವು. ೧೯೯೮ರಲ್ಲಿ ನೂರಾರು ಗೆಡ್ಡೆಗಳಿಂದ ಸೂಜಿಯ ಮೊನೆಯಷ್ಟು ತುಣುಕುಗಳನ್ನು ತೆಗೆದು ಒಂದೇ ಗಟ್ಟಿಯಲ್ಲಿ ಸಾಲಾಗಿ ನಿಲ್ಲಿಸುವ ಉಪಾಯ ಬಂದಮೇಲೆ ಪರೀಕ್ಷಿಸುವುದು ಬಹಳ ಸುಲಭವಾಯಿತು; ಪ್ರಬಂಧಗಳ ಮಳೆಯೇ ಸುರಿಯಿತು. ಆದರೆ ಒಬ್ಬರ ಪ್ರತಿಕಾಯ ಒಂದು, ಇನ್ನೊಬ್ಬರದು ಮತ್ತೊಂದು. ಕಂದು ಎಷ್ಟು ಗಾಢವಾಗಿದ್ದರೆ 'ಇದೆ' ಎನ್ನಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಒಂದೇ ಉತ್ತರಪತ್ರಿಕೆಗೆ ಒಬ್ಬ ಪರೀಕ್ಷಕರು ೩೫, ಮತ್ತೊಬ್ಬರು ೫೦ ಅಂಕ ಕೊಟ್ಟದ್ದನ್ನು ಕಣ್ಣಾರೆ ಕಂಡಿರುವ ನಮಗೆ ಈ ಕಷ್ಟವು ಚೆನ್ನಾಗಿ ಅರ್ಥವಾಗುವುದು. ಈ ಅವ್ಯವಸ್ಥೆಯನ್ನು ಕಂಡೇ ೨೦೦೫ರಲ್ಲಿ ಕೆಲವು ಹಿರಿಯ ಸಂಶೋಧಕರು ಸೇರಿ, ಇಂಥ ಪ್ರಬಂಧಗಳಲ್ಲಿ ಏನೇನನ್ನು ಬಿಚ್ಚಿ ಬರೆಯಬೇಕೆಂದು ರಿಮಾರ್ಕ್ ಎಂಬ ಹೆಸರಿನ ನಿಯಮಾವಳಿಯನ್ನು ಹೊರಡಿಸಿದರು. ನಮ್ಮ ಅಭಿಪ್ರಾಯದಲ್ಲಿ, ಲಕ್ಷಣವನ್ನು ಕಂಡುಹಿಡಿಯುವುದರಲ್ಲಿ ತೋರಿದ ಉತ್ಸಾಹದ ಕಾಲುಭಾಗವನ್ನು ಅದನ್ನು ಮತ್ತೆ ಒರೆಗೆ ಹಚ್ಚುವುದರಲ್ಲಿ ತೋರಿದ್ದರೆ ರೋಗಿಗಳಿಗೆ ಹೆಚ್ಚು ಉಪ ಯೋಗವಾಗುತ್ತಿತ್ತು. ಅಲ್ಲದೆ ಇಂಥ ಲಕ್ಷಣಗಳು ನೂರು ಮಂದಿಯ ಗುಂಪಿನ ಮಾತನ್ನು ಹೇಳುವುವೇ ಹೊರತು, ಆ ನೂರರಲ್ಲಿ ಇಂಥವಳ ಮಾತನ್ನು ಹೇಳಲಾರವು.

ಸ್ಥಾನವು ಚಿಕಿತ್ಸೆಯನ್ನೇ ನಿರ್ಣಯಿಸುವ ಸಂದರ್ಭ ಒಂದು ಈಗ ಬಂದಿದೆ. ಫೋಲೇಟ್ ಎಂಬುದು ಸೊಪ್ಪುಸದೆಗಳಲ್ಲಿರುವ ಜೀವಸತ್ವ. ಅದನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುವ ಒಂದು ಗ್ರಾಹಕ ಪ್ರೋಟೀನು ಅಂಡಾಶಯದ ಅನೇಕ ಗೆಡ್ಡೆಗಳ ಕೋಶಪೊರೆಯ ಮೇಲೆ ವಿಪರೀತವಾಗಿರುವುದು. ಆ ಗ್ರಾಹಕವನ್ನು ಹಿಡಿಯುವ ಪ್ರತಿಕಾಯಕ್ಕೆ ವಿಷೌಷಧವನ್ನು ಕಟ್ಟಿ ಕಳುಹಿಸಿದರೆ, ಕೋಶವು ಅದನ್ನು ತಾನೇ ನುಂಗಿ ಸಾಯುವುದು. ಮಿರ್ವೆಟಕ್ಸಿಮಾಬ್ ಎಂಬ ಈ ಔಷಧಕ್ಕೆ ೨೦೨೨ರ ನವಂಬರಿನಲ್ಲಿ ಅಮೆರಿಕಾದ ಸರ್ಕಾರವು ಅನುಮತಿ ಕೊಟ್ಟಿತು. ಆದರೆ ಷರತ್ತೊಂದುಂಟು: ಗೆಡ್ಡೆಯ ಕೋಶಗಳಲ್ಲಿ ನೂರಕ್ಕೆ ೭೫ರಲ್ಲಾದರೂ ಬಣ್ಣವು ಕೋಶಪೊರೆಯ ಮೇಲೆಯೇ ಸ್ಪಷ್ಟವಾಗಿ ಕಾಣಬೇಕು. ಒಳಗೆ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಬಾಗಿಲಲ್ಲಿ ನಿಂತವನ ಕೈಗೆ ತಾನೆ ಅಂಚೆಯವನು ಕಾಗದ ಕೊಡುವುದು? ಪ್ಲಾಟಿನಮ್ ಔಷಧಗಳಿಗೆ ಬಗ್ಗದ ೪೫೩ ರೋಗಿಗಳ ಮೇಲೆ ನಡೆದ, ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಳೆಯ ಔಷಧ ಪಡೆದವರ ಮಧ್ಯಮ ಆಯುಸ್ಸು ಹನ್ನೆರಡು ಮುಕ್ಕಾಲು ತಿಂಗಳಾದರೆ ಇದನ್ನು ಪಡೆದವರದು ಹದಿನಾರೂವರೆ ತಿಂಗಳಾಯಿತು. ನಾಲ್ಕು ತಿಂಗಳೆಂದರೆ ಅಲ್ಪವೆಂದು ಕೆಲವರು ಹೇಳಬಹುದು. ಮಗಳ ಹೆರಿಗೆಗೆ ನಾಲ್ಕು ತಿಂಗಳಿರುವ ತಾಯಿಯನ್ನು ಕೇಳಿ ನೋಡಲಿ.

ಇನ್ನು ವರದಿಯನ್ನು ಮುಚ್ಚಿಡುವ ವಿಷಯ. ಭಾವನವರ ಅಂತಃಕರಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶರೀರವು ಯಾರದೋ ವರದಿಯೂ ಅವರದು. ಹೊಟ್ಟೆ ಕೊಯ್ಸಿಕೊಂಡು ಕೀಮೋಥೆರಪಿಗೆ ಕೂದಲನ್ನು ಕೊಟ್ಟ ಹೆಂಗಸಿಗೆ ತನಗೆ ಏನಾಗಿದೆಯೆಂಬುದು ಗೊತ್ತಿಲ್ಲವೆಂದು ಭಾವಿಸುವುದು ಗಂಡಸರ ಸಮಾಧಾನವೇ ಹೊರತು ಮತ್ತೇನೂ ಅಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವುಂಟು. ಅದು ಕಾಗದ ಬರೆದ ತಂಗಿಯವರಿಗೆ ಸಂಬಂಧಪಟ್ಟದ್ದು. ಉಗ್ರ ದರ್ಜೆಯ ಸೀರಸ್ ಜಾತಿಯ ರೋಗಿಗಳಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಮಂದಿಗೆ ಬಿಆರ್‌ಸಿಎ ಎಂಬ ಎರಡು ಜೀನುಗಳಲ್ಲೊಂದು ಹುಟ್ಟಿನಿಂದಲೇ ಕೆಟ್ಟಿರುವುದು. ಅಕ್ಕನಿಗೆ ಹಾಗಿದ್ದರೆ, ಒಡಹುಟ್ಟಿದ ತಂಗಿಗೂ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ಅದು ಬಂದಿರುವ ಸಂಭವ ಎರಡರಲ್ಲಿ ಒಂದು ಪಾಲು. ತಂದೆಯ ಕಡೆಯಿಂದಲೂ ಬರಬಹುದು, ಗಂಡುಮಕ್ಕಳಿಗೂ ಬರಬಹುದು. ಮೊದಲನೆಯ ಬಿಆರ್‌ಸಿಎ ಕೆಟ್ಟಿರುವ ಸ್ತ್ರೀಯರಲ್ಲಿ ಎಂಬತ್ತು ವರ್ಷದೊಳಗೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುವುದೆಂದು ಅಂದಾಜು. ಮೊದಲೇ ತಿಳಿದರೆ, ಮಕ್ಕಳಾದಮೇಲೆ ಅಂಡನಾಳ ಅಂಡಾಶಯಗಳನ್ನು ತೆಗೆಸಿಕೊಂಡು ಆ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಿಕೊಳ್ಳಬಹುದು. ರೋಗಿಗೂ ಲಾಭವುಂಟು: ಈ ಜೀನು ಕೆಟ್ಟಿರುವ, ಮೊದಲ ಕೀಮೋಥೆರಪಿಗೆ ಬಗ್ಗಿದ ರೋಗಿಗಳಿಗೆ ಒಲಾಪರಿಬ್ ಎಂಬ ಮಾತ್ರೆಯನ್ನು ಕೊಟ್ಟು ನೋಡಿದಾಗ, ಏಳು ವರ್ಷಗಳ ಕೊನೆಗೆ ನೂರರಲ್ಲಿ ೬೭ ಮಂದಿ ಬದುಕಿದ್ದರು, ಹುಸಿಮಾತ್ರೆ ಪಡೆದವರಲ್ಲಿ ೪೬ ಅಥವಾ ೪೭ ಮಂದಿ. ಈ ಲೆಕ್ಕವು ೨೦೨೨ರಲ್ಲಿ ಪ್ರಕಟವಾಯಿತು. ಚರಕನು ಹೇಳಿದ ಯಾಪ್ಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕೆ?

ಆದುದರಿಂದ ಅಕ್ಕತಂಗಿಯರಿಬ್ಬರೂ ಭಾವನವರನ್ನು ಜೊತೆಯಲ್ಲಿ ಕರೆದುಕೊಂಡೇ ಡಾಕ್ಟರ ಬಳಿಗೆ ಹೋಗಿ, ರೋಗವು ಯಾವ ಜಾತಿ, ಯಾವ ಘಟ್ಟ, ಶಸ್ತ್ರಚಿಕಿತ್ಸೆಯಲ್ಲಿ ಏನಾದರೂ ಉಳಿಯಿತೆ, ಬಿಆರ್‌ಸಿಎ ಪರೀಕ್ಷೆಯಾಗಿದೆಯೆ ಎಂದು ಕೇಳುವುದು ಒಳ್ಳೆಯದು. ಪರೀಕ್ಷೆಯಾಗಿಲ್ಲದಿದ್ದರೆ ರಕ್ತದಿಂದಲೂ ಮಾಡಬಹುದು, ಮೇಣದ ಗಟ್ಟಿಯಿಂದಲೂ ಮಾಡಬಹುದು; ಒಡಹುಟ್ಟಿದವರ ವಿಚಾರ ತಿಳಿಯಬೇಕಾದರೆ ರಕ್ತದ್ದೇ ಆಗಬೇಕು.

ಆ ಮೇಣದ ಗಟ್ಟಿಯನ್ನು ಆಸ್ಪತ್ರೆಗಳು ಅನೇಕ ವರ್ಷ ಕಾಪಾಡಿಕೊಂಡಿರುವುವು. ಬೇರೊಬ್ಬ ಪೆಥಾಲಜಿಸ್ಟರಿಗೆ ತೋರಿಸಬೇಕೆಂದಾಗ, ಅಥವಾ ಹೊಸ ಔಷಧಕ್ಕಾಗಿ ಕೋಶಪೊರೆಯ ಬಣ್ಣವನ್ನು ನೋಡಬೇಕಾಗಿ ಬಂದಾಗ, ಅರ್ಜಿ ಬರೆದುಕೊಟ್ಟು ಅದನ್ನು ಕೇಳಿ ಪಡೆಯಬಹುದು. ಗಟ್ಟಿಯ ಮೇಲಿರುವ ನಂಬರು ವರದಿಯ ನಂಬರೇ ಹೌದೋ ಎಂದು ಅಲ್ಲಿಯೇ ನಿಂತು ತಾಳೆ ನೋಡಿಕೊಳ್ಳತಕ್ಕದ್ದು. ಮೇಣವು ಸುಮಾರು ೬೦ ಡಿಗ್ರಿಯ ಶಾಖಕ್ಕೆ ಕರಗುವುದು. ಬೇಸಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೂ, ಒಲೆಯ ಪಕ್ಕದ ಗೂಡಿನಲ್ಲಿಯೂ ಇಡಬಾರದು. ತಂಪಾದ ಕಡೆ ಡಬ್ಬಿಯಲ್ಲಿಟ್ಟು, ಪರೀಕ್ಷೆ ಮುಗಿದಮೇಲೆ ಕೊಟ್ಟ ಆಸ್ಪತ್ರೆಗೆ ಹಿಂದಿರುಗಿಸಿ ರಸೀತಿ ಪಡೆಯಬೇಕು.